ಎತ್ತಿ ನೋಡಿದ ತೂಕ

ಜನವರಿ 9, ಗುರುವಾರ

ನಿದ್ದೆ ಎಷ್ಟು, ಊಟ ಏನು, ಮುಟ್ಟು ಯಾವಾಗ, ಮೂರನ್ನೂ ಬರೆದಿಡಿ ಎಂದಿದ್ದಾರೆ ಡಾಕ್ಟರಮ್ಮ. ಅದಕ್ಕೇ ಈ ನೋಟುಪುಸ್ತಕ. ಮೊದಲ ದಿನವೇ ಮೂರನ್ನೂ ಮುಗಿಸಿಬಿಡುತ್ತೇನೆ. ನಿದ್ದೆ ಬೇಕಾದಷ್ಟು, ಆದರೂ ಎದ್ದಾಗ ಇಡೀ ರಾತ್ರಿ ಯಾರೋ ದುಡಿಸಿಕೊಂಡ ಹಾಗೆ ದಣಿವು. ಊಟ ಹೆಚ್ಚು ಎಂದು ಅತ್ತೆ, ಕಡಿಮೆ ಎಂದು ನಾನು. ಮುಟ್ಟು ನಿಂತು ನೂರ ಮೂವತ್ತೊಂದು ದಿನ. ಬಸಿರೂ ಅಲ್ಲ.

ಸ್ಕ್ಯಾನಿಂಗಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ನೀರುಗುಳ್ಳೆ ಕಂಡಿವೆ. ಪಿಸಿಓಎಸ್. ಗುಳ್ಳೆಗಳದ್ದು ದೊಡ್ಡ ತಪ್ಪೇನಿಲ್ಲವಂತೆ.

"ನಿಮ್ಮ ಇನ್ಸುಲಿನ್ ಇದ್ಯಲ್ಲ, ಅದು ಸಕ್ಕರೆ ಹೊತ್ಕೊಂಡು ಹೋಗಿ ಜೀವಕೋಶದ ಬಾಗಿಲು ತಟ್ಟುತ್ತೆ. ಒಳಗಿರೋರಿಗೆ ಕಿವಿ ಮಂದ. ಅದಕ್ಕೆ ಇನ್ನೂ ಜೋರಾಗಿ ತಟ್ಟುತ್ತೆ. ಆ ಗಲಾಟೆಗೆ ಅಂಡಾಶಯ ಕಂಗಾಲಾಗಿ ಗಂಡು ಹಾರ್ಮೋನು ಜಾಸ್ತಿ ಮಾಡುತ್ತೆ. ಮುಟ್ಟು ನಿಂತಿದ್ದು, ಗದ್ದದ ಕೂದಲು, ಎಲ್ಲಾ ಅದರದೇ ಕಿತಾಪತಿ."

"ಮಾತ್ರೆ ಕೊಡ್ತೀರಾ?"

"ಕೊಡಬಹುದು. ಸಕ್ಕರೆ ಇನ್ನೂ ಗಡಿ ದಾಟಿಲ್ಲ, ಗಡಿ ಮೇಲೆ ನಿಂತು ಆ ಕಡೆ ಇಣುಕ್ತಾ ಇದೆ. ಮೂರು ತಿಂಗಳು ಟೈಮ್ ಕೊಡ್ತೀನಿ. ಭಾರ ಎತ್ತಿ."

"ಏನು?"

"ಭಾರ. ಕಬ್ಬಿಣ. ಉಂಡ ಸಕ್ಕರೆಯಲ್ಲಿ ಬಹಳಷ್ಟು ಹೋಗಿ ಸೇರೋದು ಸ್ನಾಯುವಿಗೇ. ಉಗ್ರಾಣ ದೊಡ್ಡದಾದ್ರೆ ಬಾಗಿಲಲ್ಲಿ ಗಲಾಟೆ ಕಮ್ಮಿ ಆಗುತ್ತೆ."

ನನಗೆ ನಗು ಬಂತು. ಹನ್ನೊಂದು ವರ್ಷದಿಂದ ತೂಕ-ಅಳತೆ ಇಲಾಖೆಯ ಪರೀಕ್ಷಾ ಕೊಠಡಿಯಲ್ಲಿ ಕೂತಿದ್ದೇನೆ. ಅಂಗಡಿಗಳ ತಕ್ಕಡಿ, ಕಲ್ಲು, ಲೀಟರು ಎಲ್ಲ ನನ್ನ ಮೇಜಿಗೆ ಬಂದು ಮುದ್ರೆ ಹಾಕಿಸಿಕೊಂಡು ಹೋಗುತ್ತವೆ. ಹಿತ್ತಾಳೆಯ ಪುಟಾಣಿ ತೂಕಗಳನ್ನು ಚಿಮಟದಲ್ಲಿ ಹಿಡಿದು ಇಡುತ್ತೇನೆ. ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳನ್ನು ಮಾತ್ರ ಅಟೆಂಡರಣ್ಣನೇ ಎತ್ತಿಟ್ಟು ಎತ್ತಿಡಬೇಕು. ಇಷ್ಟು ವರ್ಷ ತೂಕದ ಜೊತೆಯೇ ಬಾಳಿದವಳು ಒಂದನ್ನಾದರೂ ಎತ್ತಿ ನೋಡಿಲ್ಲ.

ಡಾಕ್ಟರಮ್ಮನ ತಕ್ಕಡಿಯಲ್ಲಿ ಈ ದೇಹ 78 ಕಿಲೋ 400 ಗ್ರಾಂ.

ಜನವರಿ 10, ಶುಕ್ರವಾರ

ಮನೆಯಲ್ಲಿ ಹೇಳಿದೆ. ಇವರಿಗೆ ಖುಷಿಯೋ ಖುಷಿ. ಇವರದು ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವ ಕೆಲಸ. "ಬಿಡು, ಇನ್ನು ಮನೇಲಿ ಇಬ್ಬರದೂ ಲಿಫ್ಟಿನ ಕೆಲಸವೇ ಆಯ್ತು" ಎಂದರು.

ಅತ್ತೆ ನಗಲಿಲ್ಲ. ಕೈಯಲ್ಲಿದ್ದ ತಟ್ಟೆ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ ಹೇಳಿದರು: "ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಮೊದಲೇ ಗದ್ದದ ಮೇಲೆ ಹಂಗಿದೆ. ಇನ್ನು ತೋಳೂ ದಪ್ಪ ಆದ್ರೆ ಜನ ಏನಂತಾರೆ?"

ಬೇಜಾರು ಮಾಡಿಕೊಳ್ಳಬೇಡ ಎಂದು ಶುರುವಾದ ಮಾತು ಯಾವತ್ತು ಬೇಜಾರು ಮಾಡದೆ ಮುಗಿದಿದೆ? ಆದರೆ ಅವರು ಕೇಳಿದ್ದು ನನ್ನೊಳಗೂ ಇದ್ದ ಪ್ರಶ್ನೆ. ಗಂಡು ಹಾರ್ಮೋನು ಮೊದಲೇ ಹೆಚ್ಚಾಗಿದೆ ಎನ್ನುತ್ತಾರೆ. ಅದರ ಮೇಲೆ ಕಬ್ಬಿಣ ಎತ್ತಿದರೆ ಕನ್ನಡಿಯಲ್ಲಿ ಕಡೆಗೆ ಯಾರು ಕಾಣುತ್ತಾರೆ? ಡಾಕ್ಟರಮ್ಮನನ್ನು ಕೇಳಲು ನಾಚಿಕೆಯಾಗಿ ಸುಮ್ಮನೆ ಎದ್ದು ಬಂದಿದ್ದೆ.

ಜನವರಿ 15, ಬುಧವಾರ

ಹೋದೆ.

ಹಳೆಯ ಬಟ್ಟೆ ಗೋದಾಮಿನ ನೆಲಮಾಳಿಗೆಯಲ್ಲಿ ಜಿಮ್. ಬೆಳಿಗ್ಗೆ ಆರೂವರೆಯಿಂದ ಒಂದು ಗಂಟೆ ಹೆಂಗಸರಿಗೆ. ಗೋಡೆಯ ಮೇಲೆ ಈಗಲೂ ‘ಬಟ್ಟೆಯ ಥಾನುಗಳನ್ನು ಒದ್ದೆ ನೆಲದ ಮೇಲೆ ಇಡಬಾರದು’ ಎಂದು ಬರೆದಿದೆ. ಕಬ್ಬಿಣ, ರಬ್ಬರು, ಮುಲಾಮು ಮೂರೂ ಬೆರೆತ ವಾಸನೆ. ಕಲಿಸುವವರು ನಿವೃತ್ತ ವ್ಯಾಯಾಮ ಶಿಕ್ಷಕಿ. ಅರವತ್ತು ದಾಟಿದೆ, ಕೊರಳಲ್ಲಿ ಇನ್ನೂ ಸೀಟಿ. ಎಲ್ಲರೂ ಟೀಚರ್ ಎನ್ನುತ್ತಾರೆ.

ನಾನು ಸ್ಕಾರ್ಫನ್ನು ಗದ್ದದವರೆಗೆ ಸುತ್ತಿಕೊಂಡು ನಿಂತಿದ್ದೆ.

"ಚಳಿನಾ?" ಎಂದರು ಟೀಚರ್.

"ಹೂಂ."

"ಐದು ನಿಮಿಷದಲ್ಲಿ ಹೋಗುತ್ತೆ."

ಮೊದಲು ಎತ್ತಿಸಿದ್ದು ಒಂದು ಕೋಲನ್ನು! ನೆಲ ಒರೆಸುವ ಕೋಲು. ಸೊಂಟ ಹಿಂದಕ್ಕೆ, ಬೆನ್ನು ನೇರ, ಕೋಲು ಕಾಲಿಗೆ ಅಂಟಿಕೊಂಡೇ ಮೇಲೆ ಬರಬೇಕು. ಮೂವತ್ತಮೂರು ವರ್ಷ ಬಗ್ಗಿ ಎದ್ದಿದ್ದೇನೆ, ಬಗ್ಗುವುದು ಬಾರದು ಎಂದು ಇವತ್ತು ತಿಳಿಯಿತು. ಆಮೇಲೆ ಖಾಲಿ ಕಬ್ಬಿಣದ ಸರಳು. ಐದು ಸಲ ಎತ್ತುವಷ್ಟರಲ್ಲಿ ತೊಡೆಯ ಹಿಂಭಾಗದಲ್ಲಿ ಇಂಥದ್ದೊಂದು ಜಾಗ ಇದೆ ಎನ್ನುವುದೇ ಹೊಸ ಸುದ್ದಿಯಾಯಿತು.

ಪಕ್ಕದಲ್ಲಿ ನಲವತ್ತೆಂಟರ ಹೆಂಗಸು, ಟೈಲರ್. ಕುಳ್ಳಗೆ, ದುಂಡಗೆ, ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದುಬಿಟ್ಟಿದ್ದರು. ಸರಳಿನ ಎರಡು ತುದಿಗೆ ಇಪ್ಪತ್ತಿಪ್ಪತ್ತರ ಕಬ್ಬಿಣದ ಬಿಲ್ಲೆ ಏರಿಸಿ, ಸರಳಿನ ಇಪ್ಪತ್ತೂ ಸೇರಿ ಒಟ್ಟು ಅರವತ್ತು ಕಿಲೋವನ್ನು ಬಾಗಿಲ ಬಳಿಯ ಹಾಲಿನ ಪ್ಯಾಕೆಟ್ ಎತ್ತಿಕೊಂಡಷ್ಟು ಸಲೀಸಾಗಿ ಎತ್ತಿದರು. ನನ್ನ ಬಾಯಿ ತೆರೆದೇ ಇತ್ತು.

"ಥೈರಾಯ್ಡು" ಎಂದರು ನನ್ನ ಕಡೆ ತಿರುಗಿ, ಹೆಸರು ಹೇಳುವ ಹಾಗೆ. "ಸೋಂಬೇರಿ ಥೈರಾಯ್ಡು. ಅದು ಸೋಂಬೇರಿ, ನಾನಲ್ಲ. ನಿಂದೇನು?"

"ಪಿಸಿಓಎಸ್."

"ಹಾಂ, ಆ ಬ್ಯಾಚಿನೋರೂ ಇಬ್ಬರು ಬರ್ತಾರೆ."

ಜನವರಿ 17, ಶುಕ್ರವಾರ

ಕಮೋಡಿನ ಮೇಲೆ ಕೂರುವುದು ಒಂದು ಸಾಹಸ, ಏಳುವುದು ಇನ್ನೊಂದು. ಬೇರೇನೂ ಬರೆಯಲಾರೆ.

ಫೆಬ್ರವರಿ 2, ಭಾನುವಾರ

ಟೀಚರ್ ಹೇಳಿದಂತೆ ಪ್ರತಿ ಊಟದಲ್ಲೂ ಮೊಟ್ಟೆ, ಕಾಳು ಅಥವಾ ಮೊಸರು. ಅತ್ತೆ ಮೊಟ್ಟೆಯ ಬುಟ್ಟಿ ನೋಡಿ, "ನನ್ನ ಮಗನ್ನ ಕೋಳಿಗೂಡಿಗೆ ಕೊಟ್ಟು ಮದುವೆ ಮಾಡಿದಂಗಾಯ್ತು" ಎಂದರು. ಆದರೂ ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಹಾಕಿಡುವವರು ಅವರೇ.

ಇವತ್ತು ಮನೆಯ ತಕ್ಕಡಿ ಹತ್ತಿದೆ. 79 ಕಿಲೋ 900. ಎರಡೂವರೆ ವಾರ ಬೆವರು ಸುರಿಸಿ ಒಂದೂವರೆ ಕಿಲೋ ಜಾಸ್ತಿ! ಇಳಿದು ಮತ್ತೆ ಹತ್ತಿದೆ. ಜಾಗ ಬದಲಿಸಿ ಹತ್ತಿದೆ. ಉಸಿರು ಬಿಟ್ಟು ಹತ್ತಿದೆ.

ಇವರು ಬಾಗಿಲಲ್ಲಿ ನಿಂತು ನೋಡಿ, "ಇಲಾಖೆಯೋಳಿಗೇ ಮೋಸ ಮಾಡ್ತಿದ್ಯಾ ಅದು? ಕೇಸ್ ಹಾಕು" ಎಂದರು. ತಮಾಷೆಗೆ ಅಂದದ್ದು. ನನಗೆ ಅದೇ ಸರಿ ಎನಿಸಿತು.

ಫೆಬ್ರವರಿ 4, ಮಂಗಳವಾರ

ಮನೆಯ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಒಯ್ದೆ. ಅಟೆಂಡರಣ್ಣ ನಾಲ್ಕು ಇಪ್ಪತ್ತರ ಕಲ್ಲುಗಳನ್ನು ಇಟ್ಟರು. ಎಂಬತ್ತಕ್ಕೆ ಎಂಬತ್ತೂ ಚಿಲ್ಲರೆ ತೋರಿಸಿತು. ತಪ್ಪು ಬರೀ ಮುನ್ನೂರು ಗ್ರಾಂ. ಉಳಿದ ಒಂದು ಕಿಲೋ ಇನ್ನೂರು ನನ್ನದೇ.

ಬೆಳಿಗ್ಗೆ ಟೀಚರನ್ನು ಕೇಳಿದ್ದೆ. "ಹೊಸದಾಗಿ ಶುರು ಮಾಡಿದಾಗ ಸ್ನಾಯು ನೀರು ಹಿಡ್ಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ತಾನೂ ಬೆಳೆಯುತ್ತೆ. ತಕ್ಕಡಿಗೆ ಸ್ನಾಯು ಯಾವುದು, ಕೊಬ್ಬು ಯಾವುದು, ನೀರು ಯಾವುದು ಅಂತ ಗೊತ್ತಾಗಲ್ಲ ಕಣಮ್ಮ" ಎಂದರು.

ಇದು ನನಗೆ ಹೊಳೆದೇ ಇರಲಿಲ್ಲವಲ್ಲ! ಹನ್ನೊಂದು ವರ್ಷದಲ್ಲಿ ‘ಎಷ್ಟು’ ಎಂದು ಲಕ್ಷ ಸಲ ಕೇಳಿದ್ದೇನೆ, ‘ಏನು’ ಎಂದು ಒಂದು ಸಲವೂ ಕೇಳಿಲ್ಲ. ಟೈಲರಕ್ಕನ ಟೇಪು ಕೇಳಿ ಪಡೆದು ತೋಳು, ತೊಡೆ, ಸೊಂಟ ಅಳೆದು ಬರೆದಿಟ್ಟುಕೊಂಡೆ.

ಫೆಬ್ರವರಿ 11, ಮಂಗಳವಾರ

ಕಾರಿಡಾರಿನಲ್ಲಿ ತಕ್ಕಡಿ ಮುದ್ರೆಗೆ ಬಂದಿದ್ದ ಇಬ್ಬರು ಮಾತಾಡುತ್ತಿದ್ದರು. "ಯಾವ ರೂಮು?" "ಮೀಸೆ ಮೇಡಂ ರೂಮು. ಕೊನೇದು."

ಒಳಗೆ ಬಂದಾಗ ಇಬ್ಬರೂ ಬಹಳ ಮರ್ಯಾದೆಯಿಂದ ನಮಸ್ಕಾರ ಮಾಡಿದರು. ಅವರ ತಕ್ಕಡಿಗಳೂ ಸರಿಯಾಗಿದ್ದವು. ಮುದ್ರೆ ಹಾಕಿ ಕಳಿಸಿದೆ.

ಫೆಬ್ರವರಿ 12, ಬುಧವಾರ

ಸರಳು ಕೆಳಗಿಟ್ಟು ಟೀಚರನ್ನು ಕೇಳಿಯೇಬಿಟ್ಟೆ. "ಎತ್ತಿದ್ರೆ ನಾನು ಗಂಡಸಿನ ಹಾಗೆ ಆಗ್ತೀನಾ?"

ಟೀಚರ್ ನಗಲಿಲ್ಲ. "ನಂದು ನಲವತ್ತು ವರ್ಷದಿಂದ ಎತ್ತೋ ಕೈ. ನೋಡು" ಎಂದು ತೋಳು ಮಡಚಿದರು. ಗಟ್ಟಿಯಾದ, ಸಣ್ಣ, ಮುದುಕಿಯ ತೋಳು. "ಇಷ್ಟಕ್ಕೇ ನಲವತ್ತು ವರ್ಷ ಹಿಡೀತು. ಅಷ್ಟು ಸುಲಭಕ್ಕೆ ಆಗೋದಾಗಿದ್ರೆ ಗಂಡಸರೆಲ್ಲ ಆಗಿರ್ತಿದ್ರು."

ಟೈಲರಕ್ಕ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಡಾಕ್ಟರಮ್ಮನಿಗೆ ಫೋನು ಮಾಡಿ ಅದನ್ನೇ ಕೇಳಿದೆ. ಭಾರ ಎತ್ತಿದ್ದಕ್ಕೆ ಕೂದಲು ಬರುವುದಿಲ್ಲ, ಅದು ಹಾರ್ಮೋನಿನ ಕೆಲಸ, ಇನ್ಸುಲಿನ್ ತಣ್ಣಗಾದರೆ ಆ ಹಾರ್ಮೋನೂ ಇಳಿಯಬಹುದು ಎಂದರು. ಬಂದಿರುವ ಕೂದಲು ತಾನಾಗಿ ಉದುರಿಬಿಡುತ್ತದೆ ಎಂಬ ಆಸೆ ಬೇಡ ಎಂದೂ ಹೇಳಿದರು. ಸಂಜೆ ಅತ್ತೆಗೆ ಎಲ್ಲವನ್ನೂ ಒಪ್ಪಿಸಿದೆ. "ಅಷ್ಟೊತ್ತು ಫೋನಲ್ಲಿ ಮಾತಾಡಿದ್ಯಾ? ಡಾಕ್ಟರು ಬೈಯಲಿಲ್ವಾ?" ಎಂದರು.

ಮಾರ್ಚ್ 6, ಗುರುವಾರ

ನನ್ನದು ಈಗ ನಲವತ್ತು ಕಿಲೋ. ಆದರೆ ಎತ್ತುವಾಗಲೆಲ್ಲ ಬಲಗಡೆ ವಾಲುತ್ತೇನೆ. "ಬೆನ್ನು ಸೊಟ್ಟ, ಬೆನ್ನು ಸೊಟ್ಟ" ಎಂದು ಟೀಚರ್ ಮೂರು ವಾರದಿಂದ ಸೀಟಿ ಊದುತ್ತಿದ್ದಾರೆ. ಇವತ್ತು ಬಿಲ್ಲೆಗಳನ್ನು ಅದಲು ಬದಲು ಮಾಡಿ ಎತ್ತಿದೆ. ಎಡಗಡೆ ವಾಲಿದೆ.

"ಟೀಚರ್, ಸೊಟ್ಟ ನಾನಲ್ಲ. ಬಿಲ್ಲೆ."

"ಹತ್ತು ಅಂತ ಬರೆದಿದೆಯಲ್ಲ."

"ಬರೆದಿದೆ. ಮುದ್ರೆ ಎಲ್ಲಿದೆ?"

ನಾಳೆ ಎಲ್ಲವನ್ನೂ ಆಫೀಸಿಗೆ ಒಯ್ಯುತ್ತೇನೆ. ಇವರು ಲಿಫ್ಟ್ ಸಾಮಾನಿನ ಗಾಡಿ ತರುತ್ತಾರೆ.

ಮಾರ್ಚ್ 7, ಶುಕ್ರವಾರ

ಕಬ್ಬಿಣದ ಬಿಲ್ಲೆ ಹದಿನಾರು, ಸರಳು ಮೂರು. ಗಾಡಿಯಿಂದ ಕೊಠಡಿಗೆ ಅರ್ಧದಷ್ಟು ನಾನೇ ಹೊತ್ತು ತಂದೆ. ಅಟೆಂಡರಣ್ಣನಿಗೆ ಬೆನ್ನುನೋವು, ಎರಡು ಎತ್ತುವಷ್ಟರಲ್ಲಿ ಗೋಡೆ ಹಿಡಿದುಕೊಂಡರು.

ಹತ್ತು ಎಂದಿದ್ದ ಒಂದು ಬಿಲ್ಲೆ 9 ಕಿಲೋ 350. ಅದರ ಜೋಡಿ 10 ಕಿಲೋ 600. ಇಷ್ಟು ದಿನ ಬೈಸಿಕೊಂಡ ನನ್ನ ಬೆನ್ನಿನ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆಮೇಲೆ ಟೈಲರಕ್ಕ ಎತ್ತುವ ಸರಳು, 19 ಕಿಲೋ 400. ಅವರ ಎರಡು ಬಿಲ್ಲೆಗಳು 19 ಕಿಲೋ 100 ಮತ್ತು 18 ಕಿಲೋ 700. ಮೂರು ಸಲ ಕೂಡಿದೆ. ಐವತ್ತೇಳು ಕಿಲೋ ಇನ್ನೂರು ಗ್ರಾಂ.

ಅರವತ್ತಲ್ಲ.

ಮಾರ್ಚ್ 8, ಶನಿವಾರ

ಟೈಲರಕ್ಕನಿಗೆ ಹೇಳಬೇಕೋ ಬೇಡವೋ ಎಂದು ಇವರನ್ನು ಕೇಳಿದೆ. "ಹೇಳದೇ ಇದ್ರೆ ಯಾರಿಗೆ ನಷ್ಟ?" ಎಂದರು. ಯಾರಿಗೂ ಇಲ್ಲ. ಆದರೆ ಸೋಮವಾರ ಅವರು ‘ಅರವತ್ತು’ ಎಂದಾಗ ನನ್ನ ಮುಖ ಎಲ್ಲಿಡಲಿ?

ಮಾರ್ಚ್ 10, ಸೋಮವಾರ

ಹೇಳಿದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಆಫೀಸಿನ ವರದಿಯ ಹಾಗೆ. ಅದೇ ತಪ್ಪಾಯಿತು.

ಟೈಲರಕ್ಕ ಚೀಟಿ ಓದಿದರು. "ಥೈರಾಯ್ಡ್ ಬಂದ ಹೊಸದರಲ್ಲಿ ಮಿಶಿನ್ ಮುಂದೆ ಕೂತಲ್ಲೇ ನಿದ್ದೆ ಹೋಗ್ತಿದ್ದೆ. ಅರ್ಧ ಹೊಲಿದ ಬಟ್ಟೆ ಕೈಯಲ್ಲೇ. ಗಿರಾಕಿಗಳು ಸೋಂಬೇರಿ ಅಂತ ಬೇರೆ ಅಂಗಡಿಗೆ ಹೋದ್ರು. ಎರಡು ವರ್ಷ ಹಿಡೀತಮ್ಮ ನಂಗೆ, ಈ ಅರವತ್ತಕ್ಕೆ" ಎಂದರು. ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟು, ಸರಳು ಮುಟ್ಟದೆ ಹೊರಟುಹೋದರು.

ಮಾರ್ಚ್ 12, ಬುಧವಾರ

ಬರಲಿಲ್ಲ.

ಮಾರ್ಚ್ 14, ಶುಕ್ರವಾರ

ಬರಲಿಲ್ಲ. ಅವರ ಅಂಗಡಿಯ ಮುಂದೆ ಹಾದುಹೋದೆ. ಮಿಶಿನ್ನಿನ ಮೇಲೆ ಬಗ್ಗಿದ್ದರು, ತಲೆ ಎತ್ತಲಿಲ್ಲ. ಸರಿಯಾದ ತೂಕ ಹೇಳಿದ್ದಕ್ಕೆ ಯಾರಾದರೂ ನನ್ನನ್ನು ಮೆಚ್ಚಿದ್ದಾರೆಯೇ ಎಂದು ಯೋಚಿಸಿದೆ. ಒಬ್ಬರ ಮುಖವೂ ನೆನಪಾಗಲಿಲ್ಲ. ಆದರೂ ಹೇಳುವುದೇ ನನ್ನ ಕೆಲಸ. ಹೇಗೆ ಹೇಳುವುದು ಎನ್ನುವುದನ್ನು ಮಾತ್ರ ಯಾವ ತರಬೇತಿಯಲ್ಲೂ ಕಲಿಸಲಿಲ್ಲ.

ಮಾರ್ಚ್ 19, ಬುಧವಾರ

ಬಂದರು! ಕೈಯಲ್ಲಿ ಎರಡು ಪುಟ್ಟ ಚೀಲ. ದಪ್ಪ ಕ್ಯಾನ್ವಾಸು, ಎರಡೆರಡು ಸಾಲು ಹೊಲಿಗೆ, ಸರಳಿಗೆ ತೂಗುಹಾಕಲು ಪಟ್ಟಿ, ಮೇಲೆ ಗುಂಡಿ.

"ತಗೋ. ಕಮ್ಮಿ ಬಿದ್ದಿರೋದನ್ನ ಇದಕ್ಕೆ ಮರಳು ತುಂಬಿ ಸರಿಮಾಡು. ಎರಡೂ ಕಡೆ ಸಮ ಇರ್ಬೇಕು. ಒಂದು ಗ್ರಾಂ ಆಚೀಚೆ ಆದ್ರೂ ಬಿಡಲ್ಲ ನಿನ್ನ."

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಫೀಸಿನಲ್ಲಿ ಕೂತು ತುಂಬಿದೆ. ಹಗುರವಾದ ಬಿಲ್ಲೆಯ ಕಡೆಗೆ 1 ಕಿಲೋ 600, ಇನ್ನೊಂದು ಕಡೆಗೆ 1 ಕಿಲೋ 200. ಚೀಲಗಳ ತೂಕವೂ ಸೇರಿ. ಮರಳಿನ ಕೊನೆಯ ಕೆಲವು ಕಣಗಳನ್ನು ಚಿಮಟದಲ್ಲಿ ಹಾಕಿದೆ. ಸ್ಕಾರ್ಫಿನಲ್ಲಿ ಎರಡನ್ನೂ ಗಂಟುಕಟ್ಟಿಕೊಂಡು ಮನೆಗೆ ತಂದೆ.

ಮಾರ್ಚ್ 21, ಶುಕ್ರವಾರ

ಟೈಲರಕ್ಕ ಅರವತ್ತು ಕಿಲೋ ಎತ್ತಿದರು. ಮೊದಲ ಸಲ ಮೊಣಕಾಲಿನವರೆಗೆ ಬಂದು ನಿಂತಿತು. ಟೀಚರ್ ಸೀಟಿ ಕಚ್ಚಿಕೊಂಡಿದ್ದರು, ಊದಲಿಲ್ಲ. ಎರಡನೇ ಸಲಕ್ಕೆ ಪೂರ್ತಿ ಬಂತು. ಮೇಲೆ ಹಿಡಿದುಕೊಂಡೇ, "ಬರ್ಕೋ!" ಎಂದು ನನಗೆ ಕೂಗಿದರು.

ಬರೆದುಕೊಂಡಿದ್ದೇನೆ. ಇದೋ.

ಏಪ್ರಿಲ್ 10, ಗುರುವಾರ

ಮೂರು ತಿಂಗಳ ರಕ್ತಪರೀಕ್ಷೆ. ಸಕ್ಕರೆ ಗಡಿಯಿಂದ ಈಚೆಗೆ ಒಂದು ಹೆಜ್ಜೆ ಬಂದಿದೆ. ಒಂದೇ ಹೆಜ್ಜೆ. ಗಂಡು ಹಾರ್ಮೋನು ಇದ್ದಲ್ಲೇ ಇದೆ. ಕೂದಲೂ ಇದ್ದಲ್ಲೇ. ತೂಕ 78 ಕಿಲೋ 900. ಸೊಂಟ ಆರು ಸೆಂಟಿಮೀಟರ್ ಕಮ್ಮಿ, ತೊಡೆ ಎರಡು ಜಾಸ್ತಿ.

"ಬೇಜಾರಾ?" ಎಂದರು ಡಾಕ್ಟರಮ್ಮ.

"ಇಲ್ಲ. ಸ್ನಾಯುವಿಗೆ ಸಕ್ಕರೆ ಬೇಕು ಅಂತ ಹೇಗೆ ಗೊತ್ತಾಗುತ್ತೆ? ಎತ್ತೋವಾಗ ಇನ್ಸುಲಿನ್ ಇಲ್ದೆನೂ ಬಾಗಿಲು ತೆಗೆಯುತ್ತಂತಲ್ಲ, ಹೌದಾ? ಎಷ್ಟೊತ್ತು ತೆಗೆದಿರುತ್ತೆ?"

ಅವರು ಹೊರಗೆ ಕಾಯುತ್ತಿದ್ದವರ ಕಡೆ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಚಿತ್ರ ಬಿಡಿಸಿ ತೋರಿಸಿದರು. ಆ ಹಾಳೆ ಇಲ್ಲೇ ಅಂಟಿಸಿದ್ದೇನೆ. ಮಾತ್ರೆಯ ಮಾತು ಇನ್ನು ಮೂರು ತಿಂಗಳು ಮುಂದಕ್ಕೆ ಹೋಯಿತು. ಮಗುವಿನ ಮಾತು ಕೇಳಿದರು. ಅದನ್ನು ನಾವಿಬ್ಬರೂ ಸದ್ಯಕ್ಕೆ ಮಡಚಿಟ್ಟಿದ್ದೇವೆ, ಎಸೆದಿಲ್ಲ ಎಂದೆ.

ಏಪ್ರಿಲ್ 29, ಮಂಗಳವಾರ

ಮುಟ್ಟಾಯಿತು.

ಮೇ 22, ಗುರುವಾರ

ಬಹಳ ದಿನ ಬರೆಯಲಿಲ್ಲ. ಮೂರು ವಾರದಿಂದ ಸರಳು ಐವತ್ತರಲ್ಲೇ ಹಟ ಹಿಡಿದು ಕೂತಿದೆ. ದೇವರೇ ಬಂದು ತಳ್ಳಿದರೂ ಅರ್ಧ ಕಿಲೋ ಮೇಲಕ್ಕೆ ಬರುವುದಿಲ್ಲ. ಎರಡು ದಿನ ಹೋಗಲೂ ಇಲ್ಲ. ಮೂರನೇ ದಿನ ಅತ್ತೆಯೇ ಬಂದು ಹೊದಿಕೆ ಎಳೆದರು.

"ಏಳು. ಹೋಗಲ್ವಾ?"

"ನೀವೇ ಬೇಡ ಅಂತಿದ್ರಲ್ಲ."

"ಅಂತಿದ್ದೆ. ನೀನು ಹೋಗದೇ ಇರೋ ದಿನ ಮನೇಲಿ ಮುಖ ಊದಿಸ್ಕೊಂಡಿರ್ತೀಯ, ಅದನ್ನ ನೋಡೋರ್ಯಾರು?" ಎಂದವರು, ನನ್ನ ತೋಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಹಣ್ಣು ಮಾಗಿದೆಯೋ ಎಂದು ನೋಡುವ ಹಾಗೆ. "ಗಟ್ಟಿ ಇದೆ" ಎಂದರು ತಮಗೇ ಎಂಬಂತೆ. ಆಮೇಲೆ ಒಂದು ಪ್ರಶ್ನೆ: "ನಂಗೆ ಕುರ್ಚಿಯಿಂದ ಏಳೋವಾಗ ಮಂಡಿ ಕಟಕಟ ಅನ್ನುತ್ತಲ್ಲ, ಅದಕ್ಕೂ ಇದೆಯಾ ನಿನ್ನ ಟೀಚರ್ ಹತ್ರ ಏನಾದ್ರೂ?"

ಇದೆ ಎಂದೆ. ಕುರ್ಚಿಯಿಂದಲೇ ಶುರು. ಕೈ ಊರದೆ ಎದ್ದು ಕೂರುವುದು, ಐದು ಸಲ. ಮೂರಕ್ಕೇ ನನಗೆ ಬೈದರು. ಐದನ್ನೂ ಮುಗಿಸಿದರು.

ಜೂನ್ 20, ಶುಕ್ರವಾರ

ಅಟೆಂಡರಣ್ಣನ ಬೆನ್ನಿಗೆ ಆಪರೇಷನ್, ಎರಡು ತಿಂಗಳು ರಜೆ. ಹೊರಗಿನ ತಪಾಸಣೆಗಳೆಲ್ಲ ನಿಂತಿವೆ. ಸಾಹೇಬರು ಫೈಲು ಮುಚ್ಚಿಡುತ್ತಾ, "ಎತ್ತಿಡೋರು ಬೇಕಲ್ಲಮ್ಮ. ಬೇರೆ ಆಫೀಸಿಂದ ಗಂಡಾಳು ಕೇಳಿದ್ದೀನಿ, ಬರೋವರೆಗೂ ಇರ್ಲಿ" ಎಂದರು.

"ನಾನು ಹೋಗ್ತೀನಿ ಸರ್."

"ನೀವಾ? ಇಪ್ಪತ್ತು ಕಿಲೋ ಕಲ್ಲು ಅದು."

"ಗೊತ್ತು ಸರ್. ನಾನೇ ಮುದ್ರೆ ಹಾಕಿರೋದು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಫೈಲು ಮತ್ತೆ ತೆರೆಯಿತು. ಮೊದಲನೆಯದೇ ಊರಾಚೆಯ ಗುಜರಿ ಅಂಗಡಿ. ಅಲ್ಲಿನ ನೆಲತಕ್ಕಡಿಯ ಮೇಲೆ ಎರಡು ದೂರು ಬಂದು ಎಂಟು ತಿಂಗಳಾಗಿದೆ. ಒಂದರಲ್ಲಿ ಸಹಿ ಇಲ್ಲ, ಹೆಬ್ಬೆಟ್ಟಿದೆ.

ಜುಲೈ 9, ಬುಧವಾರ

ಎಲ್ಲವನ್ನೂ ಬರೆಯಬೇಕು, ಕೈ ನೋಯುತ್ತಿದ್ದರೂ.

ಹತ್ತು ಗಂಟೆಗೆ ಇಲಾಖೆಯ ವ್ಯಾನಿನಲ್ಲಿ ಹೋದೆ. ಡ್ರೈವರ್ ಸ್ಟಿಯರಿಂಗ್ ಬಿಟ್ಟು ಬೇರೇನನ್ನೂ ಹಿಡಿಯುವವರಲ್ಲ, ಮೊದಲೇ ಹೇಳಿದ್ದರು. ಗುಜರಿ ಅಂಗಡಿ ಎಂದರೆ ತಗಡಿನ ಬೇಲಿಯೊಳಗೆ ಬಾಟಲಿ, ರಟ್ಟು, ತಂತಿ, ಮುರಿದ ಕುರ್ಚಿಗಳ ಗುಡ್ಡ. ಚಿಂದಿ ಆಯುವ ಹೆಂಗಸರು ಹದಿನೈದು ಜನ, ಮೂಟೆ ಪಕ್ಕಕ್ಕಿಟ್ಟುಕೊಂಡು ಸಾಲಿನಲ್ಲಿ ಕೂತಿದ್ದರು.

ಮಾಲೀಕ ವ್ಯಾನಿನ ಹಿಂದೆ ಇಣುಕಿದ. "ಗಂಡಸರು ಯಾರೂ ಬರ್ಲಿಲ್ವಾ ಮೇಡಂ? ಹಂಗಾದ್ರೆ ಇವತ್ತು ಬರೀ ಕಾಗದ ನೋಡಿ ಹೋಗಿ. ಟೀ ತರಿಸ್ತೀನಿ."

"ಟೀ ಆಮೇಲೆ."

ಕಲ್ಲು ಹತ್ತು. ವ್ಯಾನಿನಿಂದ ತಕ್ಕಡಿಗೆ ಇಪ್ಪತ್ತೆರಡು ಹೆಜ್ಜೆ. ಸೊಂಟ ಹಿಂದಕ್ಕೆ, ಬೆನ್ನು ನೇರ, ಕಲ್ಲು ಕಾಲಿಗೆ ಹತ್ತಿರ. ಐದನೆಯದಕ್ಕೆ ಮಾಲೀಕನ ಫೋನಿನ ಮಾತು ನಿಂತಿತು. ಏಳನೆಯದಕ್ಕೆ ಸಾಲಿನಲ್ಲಿ ಕೂತಿದ್ದವರು ಎದ್ದು ಹತ್ತಿರ ಬಂದರು. ಹತ್ತನೆಯದನ್ನು ಇಟ್ಟಾಗ ನನ್ನ ಎದೆ ಬಡಿತ ಕಿವಿಯಲ್ಲೇ ಕೇಳುತ್ತಿತ್ತು.

ಇನ್ನೂರು ಕಿಲೋ ಇಟ್ಟಿದ್ದಕ್ಕೆ ತಕ್ಕಡಿ ತೋರಿಸಿದ್ದು ನೂರ ಎಂಬತ್ತಾರು. ಐದು ಕಲ್ಲು ಇಳಿಸಿ ನೋಡಿದೆ. ನೂರಕ್ಕೆ ತೊಂಬತ್ತಮೂರು. ಎಲ್ಲಿ ಇಟ್ಟರೂ, ಎಷ್ಟಿಟ್ಟರೂ ನೂರಕ್ಕೆ ಏಳು ಮಾಯ. ಸವೆದ ತಕ್ಕಡಿ ಇಷ್ಟು ಶಿಸ್ತಾಗಿ ತಪ್ಪು ಹೇಳುವುದಿಲ್ಲ. ಯಾರೋ ಕೂತು ಕಲಿಸಿದ್ದು.

"ಧೂಳು ಮೇಡಂ, ಧೂಳಿಗೆ ಹಂಗಾಗುತ್ತೆ" ಎಂದ ಮಾಲೀಕ. ಸ್ವರ ಇಳಿದಿತ್ತು. ನಾನು ಕೆಂಪು ಪಟ್ಟಿ ಸುತ್ತಿ, ಅರಗು ಹಾಕಿ, ‘ಬಳಸತಕ್ಕದ್ದಲ್ಲ’ ಎಂದು ಬರೆದು ಸಹಿ ಹಾಕಿದೆ. ನೋಟಿಸನ್ನು ಅವನ ಕೈಗೆ ಕೊಟ್ಟೆ.

ಸಾಲಿನಲ್ಲಿ ಮೊದಲಿದ್ದ ಹೆಂಗಸು ಕೇಳಿದಳು: "ಅಂದ್ರೆ ನಮ್ಮ ಮೂಟೆ ಎಷ್ಟು ತೂಗ್ತಿತ್ತಕ್ಕ, ನಿಜವಾಗ್ಲೂ?"

ನಲವತ್ತೈದು ಆಸುಪಾಸಿನ, ಒಣಗಿದ ಹಗ್ಗದಂಥ ಮೈ. ನಮ್ಮ ತೂಗುತಕ್ಕಡಿಯನ್ನು ವ್ಯಾನಿನ ಕೊಂಡಿಗೆ ಸಿಕ್ಕಿಸಿದೆ. ನಾನು ಅವಳ ಮೂಟೆಗೆ ಕೈ ಹಾಕುವುದರೊಳಗೆ ಅವಳೇ ಎತ್ತಿ ತೂಗುಹಾಕಿದಳು. ನಲವತ್ತಮೂರು.

"ಇವ್ರ ತಕ್ಕಡೀಲಿ ನಲವತ್ತು ಅಂತಿತ್ತು, ದಿನಾ" ಎಂದಳು. ಕೋಪವಿರಲಿಲ್ಲ, ಲೆಕ್ಕ ಹಾಕುವ ಕಣ್ಣು. "ನಂಗೆ ಗೊತ್ತಿತ್ತು. ತಲೆಗೆ ಗೊತ್ತಾಗಲ್ವಾ, ಹೊತ್ತಿರೋದು ಎಷ್ಟು ಅಂತ?"

ಒಬ್ಬೊಬ್ಬರದೇ ಮೂಟೆ ತೂಗಿ ಗಟ್ಟಿಯಾಗಿ ಹೇಳಿದೆ, ಚೀಟಿ ಬರೆದುಕೊಟ್ಟೆ. ಎಲ್ಲ ಮುಗಿಯುವ ಹೊತ್ತಿಗೆ ಆ ಹೆಂಗಸು ನನ್ನ ಇಪ್ಪತ್ತರ ಕಲ್ಲೊಂದರ ಹಿಡಿಗೆ ಕೈ ಹಾಕಿ, ಒಂದೇ ಕೈಯಲ್ಲಿ ಎತ್ತಿ ಆಚೆ ಇಟ್ಟಳು.

"ಇದನ್ನ ಎತ್ತೋಕೆ ಎಷ್ಟು ದಿನ ಕಲ್ತೆ?"

"ಆರು ತಿಂಗಳು."

"ನಾನು ಇಪ್ಪತ್ತೆರಡು ವರ್ಷ" ಎಂದು ನಕ್ಕಳು. ನಗುವಾಗ ಗದ್ದ ಬೆಳಕಿಗೆ ಬಂತು. ಅಲ್ಲಿ ಏಳೆಂಟು ಒರಟು ಕೂದಲು. ನಾನು ನೋಡಿದ್ದನ್ನು ಅವಳೂ ನೋಡಿದಳು. ನನ್ನ ಗದ್ದದ ಕಡೆ ಬೆರಳು ಮಾಡಿ, "ನಿಂಗೂನಾ?" ಎಂದಳು.

"ಹೂಂ. ನಂಗೂ."

"ಕೀಳ್ತೀಯಾ?"

"ಒಂದೊಂದು ಸಲ. ಮುಟ್ಟು ಸರಿಯಾಗಿ ಆಗುತ್ತಾ ನಿಮಗೆ?"

"ಯಾವಾಗ ಬೇಕೋ ಆವಾಗ ಬರುತ್ತೆ, ನೆಂಟರ ಥರ."

ಡಾಕ್ಟರಮ್ಮ ಆಸ್ಪತ್ರೆಯಲ್ಲಿ ಸಿಗುವ ದಿನಗಳನ್ನು ಬರೆದುಕೊಟ್ಟೆ. ನನ್ನ ನಂಬರನ್ನೂ. ಅಷ್ಟಕ್ಕೆ ಹೊರಡಬಹುದಿತ್ತು. ಆದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ನಾನು ಐವತ್ತೈದು ಕಿಲೋವನ್ನು ನೆಲದಿಂದ ಸೊಂಟದವರೆಗೆ ಎತ್ತಬಲ್ಲೆ. ಅದು ಉದ್ದನೆಯ, ನುಣುಪಾದ, ಹೇಳಿದ ಮಾತು ಕೇಳುವ ಸರಳು. ಇವಳು ನಲವತ್ತಮೂರು ಕಿಲೋದ ಅಂಕೆಯಿಲ್ಲದ ಮೂಟೆಯನ್ನು ಯಾರ ಸಹಾಯವೂ ಇಲ್ಲದೆ ತಲೆಯ ಮೇಲೆ ಹೇಗೆ ಇಟ್ಟುಕೊಳ್ಳುತ್ತಾಳೆ?

"ಒಂದ್ಸಲ ತೋರಿಸ್ತೀರಾ?"

ತೋರಿಸಿದಳು. ಎರಡು ಸಲ ನೋಡಿದರೂ ಅರ್ಥವಾಗಲಿಲ್ಲ. "ನೀನೇ ಎತ್ತು" ಎಂದು ಬಾಟಲಿ ತುಂಬಿದ ಹಗುರದ ಮೂಟೆಯೊಂದನ್ನು ಮುಂದಿಟ್ಟಳು. ಹದಿನೆಂಟು ಕಿಲೋ. ಎತ್ತಿದೆ. ಎದೆಯವರೆಗೆ ಬಂದದ್ದು ಅಲ್ಲಿಂದ ಪಕ್ಕಕ್ಕೆ ಜಾರಿ, ನನ್ನನ್ನೂ ಎಳೆದುಕೊಂಡು ಬಿತ್ತು. ಹದಿನೈದು ಜನರೂ ನಕ್ಕರು. ಡ್ರೈವರ್ ಕೂಡ.

"ಹಂಗಲ್ಲ ಕಣಮ್ಮ. ಒಂದೇ ಉಸಿರಿಗೆ ಯಾಕೆ? ಮೊದಲು ಮಂಡಿ ಮಡಚಿ ತೊಡೆ ಮೇಲೆ ಕೂರಿಸು. ಹಾಂ, ಹಂಗೆ. ಕೂತ್ಕೊಳ್ಳಲಿ ಅದು ಸ್ವಲ್ಪ ಹೊತ್ತು. ಈಗ ಒಂದು ಕೈ ತಳಕ್ಕೆ. ಹೆಗಲಿಗೆ ತಾ. ಕತ್ತು ಗಟ್ಟಿ ಮಾಡ್ಬೇಡ, ಉದ್ದ ಮಾಡು. ಈಗ ಉರುಳಿಸು ತಲೆಗೆ."

ಮೂರನೇ ಸಲಕ್ಕೆ ಬಂತು. ಅವಳು ನನ್ನ ತಲೆಗಿಟ್ಟಿದ್ದ ಬಟ್ಟೆಯ ಸಿಂಬಿಯ ಮೇಲೆ ಮೂಟೆ ಒಂದು ಸಲ ಹೊಯ್ದಾಡಿ ನಿಂತಿತು. ಕಾಲಿನಿಂದ ನೆತ್ತಿಯವರೆಗೆ ನಾನು ಇಷ್ಟು ನೆಟ್ಟಗೆ ಯಾವತ್ತೂ ನಿಂತಿರಲಿಲ್ಲ.

"ಕೈ ಬಿಟ್ಟಿದ್ದೀನಿ, ನಡಿ. ನೆಲ ನೋಡ್ಬೇಡ, ಮುಂದೆ ನೋಡು."

ಬೇಲಿಯವರೆಗೆ ನಡೆದು ಹೋಗಿ ತಿರುಗಿ ಬಂದೆ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು, ನನ್ನ ಎದುರಿಗೆ ಬಂದು ನಿಂತಳು.

"ಎತ್ತೋದು ಬಂತು. ಇಳಿಸೋದು?"

ನನಗೆ ಗೊತ್ತಿರಲಿಲ್ಲ. ತಲೆಯ ಮೇಲೆ ಹದಿನೆಂಟು ಕಿಲೋ ಇಟ್ಟುಕೊಂಡು, ಕತ್ತು ಅಲುಗಿಸಲಾರದೆ, ನಗುವನ್ನೂ ತಡೆಯಲಾರದೆ, "ಅದನ್ನೂ ಹೇಳ್ಕೊಡಿ" ಎಂದೆ.